ಮೊಗ ಬೆಳಗುವ ಚಂದು

ಭೋಜರಾಜ ಅಂದು ಅರ್ಧ ಮಾತಿಗೆ ಎದ್ದು ಹೋದ. ಚಂದುವಿಗೆ ಇವತ್ತಿಗೂ ಹೊಟ್ಟೆ ಉರಿಯುವುದು ಅದಕ್ಕೇ. ಬೈದಿದ್ದರೆ ಬೈಸಿಕೊಳ್ಳುತ್ತಿದ್ದ. ಕೈ ಮಾಡಿದ್ದರೆ ಎರಡು ತಿರುಗಿಸಿ ಕೊಟ್ಟು, ಮನೆಗೆ ಬಂದು ಗಂಜಿ ಉಂಡು ಮಲಗುತ್ತಿದ್ದ. ಆದರೆ ಬೊಬ್ಬರ್ಯ ದೈವದ ಮನೆಯ ಚಾವಡಿಯಲ್ಲಿ ನಲವತ್ತು ಜನರ ಎದುರು ನಿಲ್ಲಿಸಿ, "ಗ್ರೀಸ್ ದೇಶದಂಗೆ ಆ ಮೂರ್ತಿಗೆ ಹುಳಿ ಹಾಕಿ ತಿಕ್ಕಿದ್ದ್ ಹೌದಾ ಅಲ್ದಾ? ಅಷ್ಟೇ ಹೇಳ್" ಎಂದು ಕೇಳಿ, ಇವನು "ತಿಕ್ಕಿದ್ದ್ ಹೌದ್, ಆರೆ..." ಎನ್ನುವಷ್ಟರಲ್ಲಿ ಮೊಕ್ತೇಸರ ಭೋಜರಾಜ ಹೆಗಲ ಶಾಲು ಕೊಡವಿ ಎದ್ದುಬಿಟ್ಟ. "ಹೌದ್ ಅಂದ ಕಾಣಿ. ಮತ್ತೆಂತ ಮಾತ್ ಇತ್ತ್ ಇವನ ಹತ್ರ" ಎಂದು ಚಪ್ಪಲಿ ಮೆಟ್ಟಿಕೊಂಡ. ಅವನು ಎದ್ದ ಮೇಲೆ ಉಳಿದ ಮೂವತ್ತೊಂಬತ್ತು ಜನ ಕೂರುವುದುಂಟೇ?

ಚಂದು ಹೇಳಬೇಕೆಂದಿದ್ದ ಮಾತು ದೊಡ್ಡದೇನೂ ಆಗಿರಲಿಲ್ಲ. ಬೊಬ್ಬರ್ಯನ ಕಂಚಿನ ಮೊಗವನ್ನು ಪಾಲಿಶ್ ಮಿಷನ್ನಿಗೆ ಕೊಡಬೇಡಿ, ಕೊಟ್ಟರೆ ಮುಖ ಅಳಿಸಿಹೋಗುತ್ತದೆ. ಅಷ್ಟೇ. ಅದನ್ನು ಹೇಳಲಿಕ್ಕೆಂದೇ ಅವನು ಅವತ್ತು ಚಾವಡಿಯ ಮೆಟ್ಟಿಲು ಹತ್ತಿದ್ದು. ತನ್ನ ಮಾನ ಉಳಿಸಿಕೊಳ್ಳುವ ಆಸೆ ಅವನಿಗೆ ಇರಲಿಲ್ಲ. ಅದು ಎಂಟು ತಿಂಗಳ ಹಿಂದೆಯೇ ವಾಟ್ಸಾಪಿನಲ್ಲಿ ಹೋಗಿಯಾಗಿತ್ತು.

ಉಪ್ಪುಂದದಿಂದ ಪಡುವಣಕ್ಕೆ, ಕಡಲ ಸದ್ದು ಅಡುಗೆಮನೆಗೆ ಕೇಳುವಷ್ಟು ಹತ್ತಿರದ ಒಂದು ಕೇರಿಯಲ್ಲಿ ಚಂದುವಿನ ಮನೆ. ಐದನೇ ಕ್ಲಾಸಿನಲ್ಲಿ ಮೇಷ್ಟ್ರ ಕೈಯಿಂದ ಬೆತ್ತ ಕಸಿದು ಮುರಿದು ಬಂದವನು ಮತ್ತೆ ಶಾಲೆಯ ಕಡೆ ತಲೆ ಹಾಕಲಿಲ್ಲ. ಹದಿನಾಲ್ಕಕ್ಕೆ ಮುಂಬೈ ಬಸ್ಸು ಹತ್ತಿದ. ಹೋಟೆಲಿನಲ್ಲಿ ಲೋಟ ತೊಳೆದು, ಆಮೇಲೆ ಒಲೆಯ ಮುಂದೆ ನಿಂತು, ಊರಿನವರೇ ಒಬ್ಬರ ಕೈಕಾಲು ಹಿಡಿದು ಸರಕು ಹಡಗು ಸೇರಿದ. ಹಡಗಿನಲ್ಲಿ ಅಡುಗೆಯವನಿಗೆ ಭಂಡಾರಿ ಎನ್ನುತ್ತಾರೆ. ಇಪ್ಪತ್ತೆರಡು ವರ್ಷ ಭಂಡಾರಿಯಾಗಿ ಅವನು ಸುತ್ತದ ಬಂದರಿಲ್ಲ. ಸಿಟ್ಟು ಮಾತ್ರ ಊರಿನದೇ. ಒಮ್ಮೆ ಸಾರಿಗೆ ಉಪ್ಪು ಜಾಸ್ತಿ ಎಂದ ಆಫೀಸರನ ತಟ್ಟೆಗೆ ಉಪ್ಪಿನ ಡಬ್ಬಿಯನ್ನೇ ಮಗುಚಿ, "ಜಾಸ್ತಿ ಅಂದ್ರೆ ಇದ್. ಮದ್ಲ್ ಇದ್ದದ್ದ್ ಹದ" ಎಂದಿದ್ದ. ಆ ಕಂಪನಿಯಲ್ಲಿ ಅದೇ ಕೊನೆಯ ಪ್ರಯಾಣ.

ಹೀಗೆ ಕೆಲಸ ಬಿಡಿಸಿಕೊಂಡರೂ, ಹೊಸದು ಹಿಡಿದರೂ, ಎಲ್ಲಿದ್ದರೂ ವರ್ಷಕ್ಕೊಮ್ಮೆ ಒಂದು ಸೋಮವಾರ ಅವನು ಊರಿನಲ್ಲಿ ಇರಲೇಬೇಕಿತ್ತು. ಬೊಬ್ಬರ್ಯನ ಕೋಲ ಕುಂಭ ತಿಂಗಳ ಮೊದಲ ಮಂಗಳವಾರ. ಅದರ ಹಿಂದಿನ ದಿನ ದೈವದ ಕಂಚಿನ ಮೊಗ ಬೆಳಗುವ ಚಾಕ್ರಿ ಇವನ ಮನೆತನದ್ದು. ಮೊಗ ಎಂದರೆ ಒಂದು ಮೊಳ ಉದ್ದದ ಮುಖ: ಅಗಲ ಕಣ್ಣು, ದಪ್ಪ ಹುಬ್ಬು, ಕೆನ್ನೆಗೆ ಹಬ್ಬಿದ ಮೀಸೆ. ಬೊಬ್ಬರ್ಯ ಕಡಲಲ್ಲಿ ಹಡಗು ನಡೆಸಿದವನು, ಕಡಲಲ್ಲೇ ಹೋರಾಡಿ ಕಾಯ ಬಿಟ್ಟು ದೈವವಾದವನು ಎಂದು ಕೇರಿಯ ನಂಬಿಕೆ. ದೋಣಿ ಇಳಿಸುವವರೆಲ್ಲ ಅವನಿಗೆ ಕೈ ಮುಗಿದೇ ಇಳಿಸುವುದು.

ಚಂದುವಿನಂಥ ಮೀನುಗಾರ ಮೊಗವೀರರಲ್ಲಿ ಮನೆತನ ತಾಯಿಯ ಕಡೆಯಿಂದ ಇಳಿಯುತ್ತದೆ. ಹಾಗಾಗಿ ಈ ಚಾಕ್ರಿ ಚಂದುವಿಗೆ ಬಂದದ್ದು ಸೋದರಮಾವ ಮಂಜಯ್ಯನಿಂದ. ಚಂದುವಿಗೆ ಅಕ್ಕತಂಗಿಯರಿಲ್ಲ, ಸೋದರಳಿಯನೂ ಇಲ್ಲ. ಇವನ ನಂತರ ಯಾರು ಎಂಬುದಕ್ಕೆ ಉತ್ತರವೂ ಇಲ್ಲ. ಮಂಜಯ್ಯ ಕಲಿಸಿದ್ದು ಕೈ ಹಿಡಿದು. ಎರಡು ವರ್ಷ ಹಳೆಯ ಕಪ್ಪು ಹುಣಸೆ ಹುಳಿಯನ್ನು ಹಿಂದಿನ ದಿನವೇ ನೆನೆಹಾಕಬೇಕು. ಒಲೆಯ ಬೂದಿಯನ್ನು ಪಾಣಿಪಂಚೆಯಲ್ಲಿ ಜಾಲಿಸಬೇಕು, ಮರಳಿನ ಒಂದು ಕಣವೂ ಇರಬಾರದು. ತೆಂಗಿನ ನಾರಿನಿಂದ ಎಡಗಿವಿಯಲ್ಲಿ ಶುರು ಮಾಡಿ ಬಲಗಿವಿಯಲ್ಲಿ ಮುಗಿಸಬೇಕು. ಕಣ್ಣಿಗೆ ಮಾತ್ರ ನಾರು ತಾಗಿಸಬಾರದು, ಹೆಬ್ಬೆರಳು. ಮುಗಿಯುವವರೆಗೆ ಅನ್ನವಿಲ್ಲ, ಮಾತಿಲ್ಲ. ಕೊನೆಗೆ ಉಳಿಯುವ ಕಪ್ಪು ನೀರನ್ನು ತೆಂಗಿನ ಬುಡಕ್ಕೆ ಹೊಯ್ಯಬೇಕು.

"ಮಾವ, ಮೀಸೆ ಬದಿ ಸಪಾಟ್ ಆಯ್ತಲೆ" ಎಂದು ಒಮ್ಮೆ ಚಂದು ಕೇಳಿದ್ದ.

"ನಮ್ಗೆ ಪ್ರಾಯ ಏರ್ತ್, ದೈವಕ್ಕೆ ಇಳಿತ್. ಸುಮ್ನೆ ತಿಕ್ಕ್."

ಚಂದು ತಿಕ್ಕಿದ. ಮಾವ ಹೋದ ಮೇಲೂ ಇಪ್ಪತ್ತೆರಡು ವರ್ಷ ಒಂದೂ ತಪ್ಪಿಸದೆ ತಿಕ್ಕಿದ.

ತಪ್ಪಿದ್ದು ಕೊರೊನಾ ಎಲ್ಲ ಮುಗಿದ ಮೇಲೆ. ಅವನಿದ್ದ ಹಡಗಿನ ಮಾಲೀಕ ಯಾರಿಗೋ ಟೋಪಿ ಹಾಕಿ ನಾಪತ್ತೆಯಾದ. ಗ್ರೀಸಿನ ಒಂದು ದ್ವೀಪದ ಬಂದರಿನಲ್ಲಿ ಕೋರ್ಟಿನವರು ಹಡಗನ್ನು ಕಟ್ಟಿಹಾಕಿದರು. ಕಟ್ಟಿಹಾಕಿದ ಹಡಗನ್ನೂ ಯಾರಾದರೂ ಕಾಯಬೇಕಲ್ಲ. ಏಳು ಜನರನ್ನು ಅದರಲ್ಲೇ ಉಳಿಸಿಕೊಂಡರು. ಪಾಸ್‌ಪೋರ್ಟು ಬಂದರಿನ ಕಚೇರಿಯಲ್ಲಿ. ಹಡಗು ನಿಲ್ಲುವ ಧಕ್ಕೆಯ ಮೇಲೆ ನಡೆದಾಡಬಹುದು, ಊರು ಬಿಡುವ ಹಾಗಿಲ್ಲ. ದೀಪಕ್ಕೆ ದಿನಕ್ಕೆರಡು ಗಂಟೆ ಜನರೇಟರು. ಚರ್ಚಿನವರು ಕೊಟ್ಟ ಅಕ್ಕಿ, ಬೇಳೆಯಲ್ಲಿ ಚಂದು ಏಳು ಜನರಿಗೆ ಬೇಯಿಸುತ್ತ, "ಇವತ್ತ್ ಸಾರ್, ನಾಳಿಕೆ ಸಾರಿನ ಅಣ್ಣ, ನಾಡಿದ್ದ್ ಸಾರಿನ ಅಪ್ಪಯ್ಯ" ಎಂದು ಬಡಿಸುತ್ತಿದ್ದ. ಮೊದಮೊದಲು ಹುಡುಗರು ನಗುತ್ತಿದ್ದರು.

ಧಕ್ಕೆಯ ತುದಿಯಲ್ಲಿ ಒಂದು ಕಂಚಿನ ಮೂರ್ತಿ ಇತ್ತು. ಎರಡಾಳೆತ್ತರದ ಗಂಡಸು, ದಪ್ಪ ಮೀಸೆ, ತಲೆಗೆ ಸುತ್ತಿದ ಬಟ್ಟೆ. ಒಂದು ಕಾಲು ದೋಣಿಯ ಅಂಚಿನ ಮೇಲೆ, ಒಂದು ಕೈಯಲ್ಲಿ ದೀವಟಿಗೆ, ಮುಖ ಕಡಲ ಕಡೆಗೆ. ಮೈಯೆಲ್ಲ ಹಸಿರು ಕಿಲುಬು. ತಲೆಯ ಮೇಲೆ ಕಡಲಹಕ್ಕಿಗಳ ಹಿಕ್ಕೆ. ಕೆಳಗೆ ಕೆತ್ತಿದ ಅಕ್ಷರ ಚಂದುವಿಗೆ ಓದಲಾಗಲಿಲ್ಲ. ಅದು ಇಂಗ್ಲಿಷಿನಲ್ಲಿದ್ದರೂ ಓದಲಾಗುತ್ತಿರಲಿಲ್ಲ. ಇವನು ಯಾರು ಎಂದು ಕೈಸನ್ನೆಯಲ್ಲಿ ಕೇಳಿದ್ದಕ್ಕೆ ಧಕ್ಕೆಯ ಮುದಿ ಕಾವಲುಗಾರ ಯಾನಿ ಬಾಯಿಯಿಂದ ಅರ್ಧ, ಕೈಯಿಂದ ಅರ್ಧ ಕತೆ ಹೇಳಿದ. ಒಂದು ಬೆಂಕಿಪೊಟ್ಟಣ ಇಟ್ಟು ಇದು ಸಣ್ಣ ದೋಣಿ ಎಂದ. ತನ್ನ ಊಟದ ಬುತ್ತಿ ಇಟ್ಟು ಇದು ವೈರಿಯ ದೊಡ್ಡ ಹಡಗು ಎಂದ. ದೋಣಿಗೆ ಎಣ್ಣೆ, ಡಾಂಬರು ತುಂಬಿಸಿ, ಹಡಗಿಗೆ ಸಿಕ್ಕಿಸಿ, ಬೆಂಕಿ ಕೊಟ್ಟು, ತಾನು ಈಜಿ ಬಂದವನು. "ಬುಮ್" ಎಂದು ಬುತ್ತಿಯನ್ನು ಮಗುಚಿದ. ಆಲಿವ್ ಕಾಯಿಗಳು ಉರುಳಿದವು. ಇಬ್ಬರೂ ಹೆಕ್ಕಿ ತಿಂದರು.

ಚಂದುವಿಗೆ ಮತ್ತೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಕಡಲಲ್ಲಿ ಹೋರಾಡಿದವನು, ಕಡಲಿಗೆ ಮುಖ ಮಾಡಿ ನಿಂತವನು, ಕೈಯಲ್ಲಿ ಬೆಂಕಿ. ಊರು ಬೇರೆ, ಹೆಸರು ಬೇರೆ. ಅಂದಿನಿಂದ ಅದರ ಎದುರು ದಾಟುವಾಗ ಅವನು ಚಪ್ಪಲಿ ಬಿಡತೊಡಗಿದ.

ಜನವರಿ ದಾಟಿತು. ಹೆಂಡತಿ ಪದ್ದು ಉಪ್ಪುಂದದಲ್ಲಿ ಮೀನು ಮಾರುವವಳು. ಮಾರ್ಕೆಟಿನಿಂದಲೇ ಫೋನು ಮಾಡಿದಳು.

"ಹ್ವಾಯ್, ಬಪ್ಪುದ್ ಯಾವತ್ತ್? ಮೊಗ ಬೆಳಗುಕೆ ಯಾರ್ ಅಂತ ಭೋಜರಾಜಣ್ಣ ಕೇಂತ್ರ್."

"ಬಪ್ಪುಕೆ ಬಿಡ್ಕಲೆ ಮಾರಾಯ್ತಿ. ಹಡಗ್ ಬಿಟ್ ಹ್ವಾದ್ರೆ ಪೋಲೀಸ್ ಹಿಡಿತ್ರ್."

"ಬೇರೆಯವ್ರ್ ಮಾಡ್ಲಾ ಹಂಗಾರೆ?"

"ಬೇರೆ ಯಾರೂ ಮುಟ್ಟುಕಾಗ. ಹೇಳ್ ಅವಂಗೆ. ನಾನ್ ಬಂದ್ ತಪ್ಪ್ ಕಾಣ್ಕೆ ಹಾಕಿ ಬೆಳಗ್ತೆ."

"ನಿಮ್ಗೆ ಅಲ್ಲ್ ತಿಂಬುಕೆ ಇತ್ತಾ?"

"ಇತ್ತ್" ಎಂದು ಫೋನಿಟ್ಟ.

ಆ ವರ್ಷ ಮೊಗಕ್ಕೆ ಬರೀ ಬಾವಿ ನೀರು ಹೊಯ್ದು ಕೋಲ ಮಾಡಿದರು. ಹಿಂದಿನ ದಿನದ ಸೋಮವಾರ ಚಂದು ಹಡಗಿನ ಅಡುಗೆಮನೆಯಲ್ಲಿ ಬೆಳಿಗ್ಗೆ ಎದ್ದವನು ಅನ್ನಕ್ಕೆ ಇಡಲಿಲ್ಲ. ಕೈ ಸುಮ್ಮನಿರಲಿಲ್ಲ. ಇಪ್ಪತ್ತೆರಡು ವರ್ಷ ಆ ಹೊತ್ತಿಗೆ ಹುಳಿನೀರಿನಲ್ಲಿ ಮುಳುಗಿದ ಕೈ. ಡಬ್ಬಿಯಲ್ಲಿ ಕಡೆಯ ಒಂದು ಉಂಡೆ ಹುಣಸೆ ಹುಳಿ ಇತ್ತು, ಏಳು ಜನರ ಒಂದು ವಾರದ ಸಾರು. ಅದನ್ನು ಬಿಸಿನೀರಿಗೆ ಹಾಕಿದ. ಒಲೆ ಗ್ಯಾಸಿನದ್ದು, ಬೂದಿಯಿಲ್ಲ. ಯಾನಿ ಚಳಿ ಕಾಯಿಸುವ ಡ್ರಮ್ಮಿನಿಂದ ಒಂದು ಹಿಡಿ ತಂದು ಜಾಲಿಸಿದ. ಹಳೆಯ ಹಗ್ಗ ಬಿಚ್ಚಿ ನಾರು ಮಾಡಿದ. ಹೋಗಿ ಮೂರ್ತಿಯ ಬುಡದಲ್ಲಿ ಚಪ್ಪಲಿ ಬಿಟ್ಟು, ಕೈಮುಗಿದು, ಮುಖ ಕೈಗೆ ಎಟುಕದ್ದರಿಂದ ಪಾದದಲ್ಲಿ ಶುರು ಮಾಡಿದ. ಬೊಬ್ಬರ್ಯನಿಗೆ ತಪ್ಪಿದ್ದನ್ನು ಇಲ್ಲಾದರೂ ಸಲ್ಲಿಸುವ ಎಂದು.

ಕಿಲುಬು ಕರಗಿ ಇಳಿಯಿತು. ಎಡಪಾದ ಬಂಗಾರದ ಹಾಗೆ ಹೊಳೆಯಿತು. ಹಿಮ್ಮಡಿ, ಕಣಕಾಲು, ಮೊಣಕಾಲು. ಅಲ್ಲಿಗೆ ಬರುವಾಗ ಹಿಂದಿನಿಂದ ಒಬ್ಬ ಹೆಂಗಸು ಕಿರುಚಿದಳು. ಚಂದು ತಿರುಗಿ ನೋಡಲಿಲ್ಲ, ಚಾಕ್ರಿಯ ನಡುವೆ ಮಾತಾಡುವ ಹಾಗಿಲ್ಲ. ಅವಳು ಬೈದಳು, ಜನ ಸೇರಿತು, ಯಾರೋ ಮೊಬೈಲು ಹಿಡಿದರು. ಪೋಲೀಸರು ಹೆಗಲಿಗೆ ಕೈ ಹಾಕಿದಾಗಲೂ ಅವನು ಬಾಯಿ ಬಿಡದೆ, ಇನ್ನು ಸ್ವಲ್ಪ ಎಂದು ಬೆರಳಲ್ಲಿ ತೋರಿಸಿದ. ವೀಡಿಯೋದಲ್ಲಿ ಅದು ಬೇರೆಯೇ ಕಂಡಿತು. ಹಸಿರು ನೀರು ಸೋರುವ ಕೈಯನ್ನು ಪೋಲೀಸರ ಮುಖದೆದುರು ಆಡಿಸುವ ಒಬ್ಬ ಹುಚ್ಚ.

ಠಾಣೆಯಲ್ಲಿ ಯಾರಿಗೂ ಇವನ ಭಾಷೆಯಿಲ್ಲ. ಕೊನೆಗೆ ಕಿತ್ತಳೆ ತೋಟದಲ್ಲಿ ಕೆಲಸ ಮಾಡುವ ಒಬ್ಬ ಪಂಜಾಬಿಯನ್ನು ಫೋನಿನಲ್ಲಿ ಹಿಡಿದರು. ಚಂದು ಮುಂಬೈ ಹಿಂದಿಯಲ್ಲಿ ಬೊಬ್ಬರ್ಯ, ಮಂಜಯ್ಯ ಮಾವ, ಕುಂಭ ತಿಂಗಳು, ತಪ್ಪಿಹೋದ ಚಾಕ್ರಿ ಎಲ್ಲವನ್ನೂ ಕಾಲು ಗಂಟೆ ಹೇಳಿದ. ಪಂಜಾಬಿ ಕೇಳಿಸಿಕೊಂಡು ಪೋಲೀಸರಿಗೆ ಗ್ರೀಕಿನಲ್ಲಿ ನಾಲ್ಕೇ ಶಬ್ದ ಹೇಳಿದ.

"ಕ್ಯಾ ಬೋಲಾ ತೂನೆ?" ಎಂದು ಚಂದು ಕೇಳಿದ.

"ಬೋಲಾ, ಬಾವರ್ಚಿ ಹೈ, ಸಫಾಯಿ ಕೀ ಆದತ್ ಹೈ."

ಅಡುಗೆಯವನು, ತೊಳೆಯುವ ಚಾಳಿ. ಚಂದು ಮೇಜು ಗುದ್ದಿದ. ಪೋಲೀಸರು ಕೈಗೆ ಕೋಳ ಹಾಕಿದರು. ಸಿಟ್ಟು ಬಂದರೆ ಅದನ್ನು ಹೇಳಲೂ ಒಂದು ಭಾಷೆ ಬೇಕು ಎಂದು ಅವನಿಗೆ ಗೊತ್ತಾದದ್ದು ಅಲ್ಲಿ.

ಮಧ್ಯಾಹ್ನ ಅಲ್ಲಿನ ಮ್ಯೂಸಿಯಮ್ಮಿನ ಒಬ್ಬಾಕೆ ಬಂದಳು. ಹಳೆಯ ಮೂರ್ತಿಗಳನ್ನು ಕಾಪಾಡುವುದು ಅವಳ ಕೆಲಸ. ಅವಳು ಬೈಯಲಿಲ್ಲ. ಇವನನ್ನು ಜೀಪಿನಲ್ಲಿ ಮತ್ತೆ ಧಕ್ಕೆಗೆ ಕರೆದುಕೊಂಡು ಹೋಗಿ ಪಾದದ ಮುಂದೆ ಕೂರಿಸಿದಳು. ಬಿಳಿ ಬಟ್ಟೆಯೊಂದನ್ನು ಒದ್ದೆ ಮಾಡಿ, ಇವನು ಬೆಳಗಿದ ಜಾಗಕ್ಕೆ ಒತ್ತಿ ಎತ್ತಿದಳು. ಬಟ್ಟೆಯ ಮೇಲೆ ಹಸಿರು, ಕಪ್ಪು, ನಡುವೆ ಸಣ್ಣಗೆ ಹೊಳೆಯುವ ಹಳದಿ ಪುಡಿ. ಪಂಜಾಬಿ ಇನ್ನೂ ಫೋನಿನಲ್ಲಿದ್ದ. ಅವಳು ಹೇಳಿದ್ದನ್ನು ಅವನು ಈ ಸಲ ಪೂರ್ತಿ ದಾಟಿಸಿದ. ಆ ಹಸಿರು ನೂರು ವರ್ಷದ ಚರ್ಮ, ಮಳೆ, ಉಪ್ಪುಗಾಳಿಯಿಂದ ಒಳಗಿನದನ್ನು ಅದೇ ಕಾಯುವುದು. ಹುಳಿ ಅದನ್ನು ಮೊದಲು ತಿನ್ನುತ್ತದೆ, ಬೂದಿ ಆಮೇಲೆ ಒಳಗಿನದನ್ನು ಸವೆಸುತ್ತದೆ. ಬಟ್ಟೆಯಲ್ಲಿ ಇರುವುದು ಕೊಳೆ ಎಂದು ತಿಳಿಯಬೇಡ, ಇದು ಅವನೇ.

ಚಂದು ಬಟ್ಟೆ ನೋಡಿದ. ನೋಡುತ್ತಲೇ ಕೂತ. ತೆಂಗಿನ ಬುಡಕ್ಕೆ ಹೊಯ್ದ ಕಪ್ಪು ನೀರು. ವರ್ಷಕ್ಕೊಂದು ಚೊಂಬು. ಅವನ ಇಪ್ಪತ್ತೆರಡು, ಮಾವನ ನಲವತ್ತು, ಮಾವನ ಮಾವನದು ಎಷ್ಟೋ. ಸಪಾಟಾದ ಮೀಸೆ. ಪ್ರಾಯ ಇಳಿದದ್ದಲ್ಲ.

ಅವನು ಅತ್ತದ್ದನ್ನು ಕಂಡು ಅವಳು, ತಪ್ಪು ಒಪ್ಪಿಕೊಂಡ ಎಂದು ತಿಳಿದಳೋ ಏನೋ, ಕೇಸು ಬೇಡ ಎಂದು ಬರೆದುಕೊಟ್ಟಳು. ಅವನು ಅತ್ತದ್ದು ಆ ಮೂರ್ತಿಗಾಗಿ ಅಲ್ಲವೆಂದು ಅವಳಿಗೆ ಹೇಗೆ ಹೇಳುವುದು? ಪಂಜಾಬಿಯ ಫೋನಿನ ಚಾರ್ಜು ಮುಗಿದಿತ್ತು.

ನಾಲ್ಕು ತಿಂಗಳ ನಂತರ ಹಡಗು ಹರಾಜಾಗಿ, ಮಳೆ ಹಿಡಿಯುವ ಹೊತ್ತಿಗೆ ಚಂದು ಊರು ಸೇರಿದ. ಅವನಿಗಿಂತ ಮೊದಲೇ ವೀಡಿಯೋ ಸೇರಿತ್ತು. "ವಿದೇಶದಲ್ಲಿ ಮೂರ್ತಿ ಕೆಡಿಸಿ ಸಿಕ್ಕಿಬಿದ್ದ ನಮ್ಮೂರಿನವ" ಎಂದು ಯಾರೋ ಪುಣ್ಯಾತ್ಮ ತಲೆಬರಹ ಕೊಟ್ಟಿದ್ದ. ಉಪ್ಪುಂದದಲ್ಲಿ ಬಸ್ಸು ಇಳಿದರೆ ರಿಕ್ಷಾದವನು, "ಎಂತ ಚಂದಣ್ಣ, ನನ್ ರಿಕ್ಷಾ ಒಂಚೂರ್ ತಿಕ್ಕಿ ಕೊಡ್ತ್ರಿಯಾ?" ಎಂದ. ಚಂದು ಅವನ ಹಾರ್ನ್ ಕಿತ್ತು ಗದ್ದೆಗೆ ಎಸೆದ. ಪದ್ದು ಮಾರ್ಕೆಟಿನಲ್ಲಿ ಬಂಗುಡೆ ಹರಡಿ ಕೂತರೆ, "ನಿನ್ ಗಂಡ ಉಜ್ಜಿದ ಮೀನಾ ಹೆಣೆ, ಭಾರೀ ಹೊಳಿತಿತ್ತ್" ಎಂದು ಪಕ್ಕದವಳ ಹಾಸ್ಯ. ಪದ್ದು, "ಹೌದ್, ನಿನ್ ಗಂಡ ಉಜ್ಜದೆ ಬಿಟ್ಟದ್ದ್ ನಿನ್ ಹಲ್ಲ್" ಎಂದು ಬಾಯಿ ಮುಚ್ಚಿಸಿದಳು. ಮನೆಗೆ ಬಂದು ಮಾತ್ರ ಬುಟ್ಟಿ ಕುಕ್ಕಿ, "ಅಲ್ಲ್ ಸುಮ್ನೆ ಕೂಕಂಬುಕೆ ನಿಮ್ಗೆ ಎಂತ ಆಯ್ತ್?" ಎಂದಳು.

ಚಂದುವಿಗೆ ಇದ್ಯಾವುದೂ ನೋಯಲಿಲ್ಲ. ಅವನು ಬಂದ ಮರುದಿನವೇ ಬೊಬ್ಬರ್ಯನ ಮನೆಗೆ ಹೋಗಿ ಬಾಗಿಲ ಸಂದಿಯಿಂದ ಮೊಗ ನೋಡಿದ. ಒಂದು ವರ್ಷ ಹುಳಿ ಕಾಣದ ಮೊಗ ಕಂದಾಗಿತ್ತು. ಆ ಕಂದಿನಲ್ಲಿ ಹುಬ್ಬಿನ ಗೆರೆ, ಮೀಸೆಯ ಒಂದೊಂದು ಎಳೆ, ತಾನು ಇಷ್ಟು ವರ್ಷ ಕಂಡೇ ಇರದಂಥವು, ಕಪ್ಪಗೆ ಎದ್ದು ನಿಂತಿದ್ದವು. ಇನ್ನೂ ಉಳಿದಿದೆ. ಇನ್ನು ಮುಟ್ಟದಿದ್ದರೆ ಸಾಕು.

ಆದರೆ ಹೊಳಪಿಲ್ಲದ ಮೊಗ ಕಂಡು ಊರಿಗೆ ಬೇಜಾರಾಗಿತ್ತು. ಕೋಲಕ್ಕೆ ಬಂದ ಮುಂಬೈಯವರು, "ಎಂತ ನಿಮ್ ಬೊಬ್ಬರ್ಯ ತುಕ್ಕ್ ಹಿಡ್ದಂಗ್ ಕಾಂತ್" ಎಂದು ಭೋಜರಾಜನಿಗೆ ಚುಚ್ಚಿ ಹೋಗಿದ್ದರಂತೆ. ಬ್ರಹ್ಮಾವರದ ಕಡೆ ಒಂದು ಅಂಗಡಿಯಲ್ಲಿ ಪಾಲಿಶ್ ಮಿಷನ್ ಬಂದಿದೆ, ಕನ್ನಡಿಯ ಹಾಗೆ ಮಾಡಿ ಕೊಡುತ್ತಾರೆ, ಇನ್ನು ಯಾರನ್ನೂ ಕಾಯಬೇಕಾಗಿಲ್ಲ. ಹೀಗೆ ತೀರ್ಮಾನವಾಗಿ, ಅದಕ್ಕೊಂದು ಸಭೆ ಕರೆದು, ಆ ಸಭೆಯಲ್ಲೇ ಭೋಜರಾಜ ಅರ್ಧ ಮಾತಿಗೆ ಎದ್ದದ್ದು. ಚಂದು ಅವನ ಹಿಂದೆ ಅಂಗಳಕ್ಕೆ ಓಡಿದ.

"ಭೋಜರಾಜಣ್ಣ, ಒಂದ್ ನಿಮ್ಷ. ಮೊಗ ಸವ್ದ್ ಹೋತ್. ನಾನ್ ಕಂಡಿದ್ದೆ."

"ನೀ ಕಂಡದ್ದ್ ನಾವೆಲ್ಲ ಮೊಬೈಲಂಗೆ ಕಂಡಿತ್. ಬೊಬ್ಬರ್ಯನ್ ಚಾಕ್ರಿ ತಪ್ಸಿ, ಹ್ವಾಯಿ ಹ್ವಾಯಿ ಯಾರೋ ಪರದೇಶಿ ಗೊಂಬೆಗೆ ಚಾಕ್ರಿ ಮಾಡ್ದೆ ಅಲ್ದಾ? ಈಗ ಮಿಷನ್ ಬಂತ್ ಅಂದ್ಕೂಡ್ಲೆ ಹೊಟ್ಟೆ ಉರಿ."

"ನಂಗ್ ಚಾಕ್ರಿ ಬೇಡ. ಯಾರಿಗೂ ಬೇಡ. ಹಂಗೇ ಬಿಡಿ ಅಂಬುದ್."

"ಹಂಗೇ ಬಿಡುಕೆ ಅದ್ ನಿಮ್ ಮನೆ ಬಾಣ್ಲಿ ಅಲ್ಲ" ಎಂದು ಭೋಜರಾಜ ಬೈಕ್ ಹತ್ತಿದ.

ಮೊಗವನ್ನು ಕೆಂಪು ವಸ್ತ್ರದಲ್ಲಿ ಸುತ್ತಿ ಕಾರಿನಲ್ಲಿ ಕೊಂಡುಹೋದರು. ಚಂದು ಬಸ್ಸಿನಲ್ಲಿ ಹಿಂದೆ ಹೋದ. ಉಪ್ಪುಂದದಿಂದ ಕುಂದಾಪುರ, ಅಲ್ಲಿಂದ ಇನ್ನೊಂದು ಬಸ್ಸು. ಅವನು ಅಂಗಡಿ ಹುಡುಕಿ ತಲುಪುವಾಗ ಮಿಷನ್ನಿನ ಶಬ್ದ ರಸ್ತೆಗೇ ಕೇಳುತ್ತಿತ್ತು. ಒಳಗೆ ತಿರುಗುವ ಬಟ್ಟೆಯ ಚಕ್ರದ ಮುಂದೆ ಒಬ್ಬ ಕೆಲಸದವನು ಮೊಗವನ್ನು ಎರಡು ಕೈಯಲ್ಲಿ ಹಿಡಿದು ಒತ್ತುತ್ತಿದ್ದ. ಹಣೆ ಆಗಲೇ ಹೊಳೆಯುತ್ತಿತ್ತು. ಚಂದು ಬಾಗಿಲಲ್ಲಿದ್ದ ಒಂದು ಕಬ್ಬಿಣದ ಸಲಾಕೆ ಎತ್ತಿದ. ಹೊಡೆದರೆ ಕೆಲಸದವನು ಕೈ ಬಿಡುತ್ತಾನೆ, ಮೊಗ ಚಕ್ರಕ್ಕೆ ಸಿಕ್ಕಿ ಸೀಳುತ್ತದೆ. ಕೂಗಿದರೆ ಅವನ ಕೈ ಜಾರುತ್ತದೆ. ಜನ್ಮವಿಡೀ ಕೈಗೆ ಬಂದ ಸಿಟ್ಟಿನಿಂದ ಅವನಿಗೆ ಅಂದು ಮಾಡಲಾದದ್ದು ಸಲಾಕೆಯನ್ನು ಸದ್ದಾಗದ ಹಾಗೆ ಕೆಳಗಿಡುವುದೊಂದೇ.

ಚಕ್ರ ನಿಂತಾಗ ಒಳಗೆ ಹೋಗಿ, "ತಮ್ಮ, ಮೀಸೆ ಬದಿಗೆ ಹೋಯ್ಬೇಡ, ಕೈ ಮುಗಿತೆ" ಎಂದ.

"ಮೀಸೆಯೇ ಮೊದಲು ಆಯ್ತಲ್ಲ ಅಣ್ಣ" ಎಂದು ಕೆಲಸದವನು ಮೊಗ ತಿರುಗಿಸಿ ತೋರಿಸಿದ. ಒಳ್ಳೆಯ ಮನುಷ್ಯ, ಬೆವರು ಒರೆಸಿಕೊಂಡು ನಗುತ್ತಿದ್ದ. "ಹೇಗೆ, ಕನ್ನಡಿ ಅಲ್ವಾ?"

ಕನ್ನಡಿಯೇ. ಮೂಗಿನ ಕೆಳಗೆ ಎರಡೂ ಕೆನ್ನೆಗೆ ಮೀಸೆ ಹಬ್ಬಿದ್ದ ಜಾಗದಲ್ಲಿ ಚಂದುವಿಗೆ ತನ್ನ ಮುಖ ಕಂಡಿತು.

ಕುಂಭ ತಿಂಗಳ ಕೋಲದ ಮಂಗಳವಾರ, ಮಧ್ಯಾಹ್ನದ ದರ್ಶನಕ್ಕೆ ಇಡೀ ಕೇರಿ ಸೇರಿತ್ತು. ಬಿಸಿಲಿಗೆ ಮೊಗ ಥಳಥಳ. ಜನ ಕೆನ್ನೆ ಬಡಿದು ಕೈಮುಗಿದರು, ಮೊಬೈಲು ಎತ್ತಿ ಹಿಡಿದರು. "ಈ ವರ್ಷ ಕಳೆ ಕಾಣ್" ಎಂದರು. ಚಂದು ಹಲಸಿನ ಮರದ ಬುಡದಲ್ಲಿ ನಿಂತಿದ್ದ. ಪಾತ್ರಿಯ ಮೈಮೇಲೆ ದೈವ ಬಂದು ಒಬ್ಬೊಬ್ಬ ಮನೆತನದವರನ್ನೂ ಕರೆಯುತ್ತ ಬಂತು. ಬಲೆಯ ಮನೆಯವರು, ದೀಪದ ಮನೆಯವರು. ಆಮೇಲೆ ದೈವದ ಕೈಯ ಕತ್ತಿ, ಕಡ್ಸಲೆ, ಚಂದುವಿನ ಕಡೆ ತಿರುಗಿತು.

"ಮೊಗ ಬೆಳಗುವ ಮನೆಯವನೇ. ನಿನ್ನ ಮನೆಯಿಂದ ಎರಡು ವರ್ಷದ ಚಾಕರಿ ನನಗೆ ಬಾಕಿ ಉಂಟು. ಮಿಷನಿನದು ಮಿಷನಿನದು. ನಿನ್ನದು ಎಲ್ಲಿ?"

ಭೋಜರಾಜ ತಲೆ ತಗ್ಗಿಸಿದ. ಜನ ದಾರಿ ಬಿಟ್ಟರು. ಇಷ್ಟು ದಿನ ಯಾರೂ ಕೇಳದ ಮಾತನ್ನು ಚಂದು ದೈವದ ಎದುರು ಮೊದಲಿಂದ ಕಡೆಯವರೆಗೆ ಹೇಳಿದ. ಬಿಳಿ ಬಟ್ಟೆ, ಹಳದಿ ಪುಡಿ, ತೆಂಗಿನ ಬುಡದ ಕಪ್ಪು ನೀರು. "ಸ್ವಾಮಿ, ತಿಕ್ಕಿದಷ್ಟೂ ನೀವೇ ಹೋತ್ರಿ. ನಾನ್ ಹೆಂಗೆ ತಿಕ್ಕಲಿ?"

ಚೆಂಡೆ ನಿಂತಿತ್ತು. ಎಲ್ಲರಿಗೂ ಕೇಳಿಸಿತು. ದೈವ ನುಡಿಯಿತು:

"ಹೋಗುವುದು ನನಗೆ ಬಿಟ್ಟದ್ದು. ಚಾಕರಿ ನಿನಗೆ ಬಿಟ್ಟದ್ದು."

ದೈವ ಹೇಳಿದ ಮೇಲೆ ಭೋಜರಾಜನೂ ಬಗ್ಗಬೇಕು. "ಬಪ್ಪ ವರ್ಷ ಇವನೇ ಬೆಳಗಲಿ" ಎಂದು ಎಲ್ಲರೆದುರು ಒಪ್ಪಿದ. ಪದ್ದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಹೋದ ಮಾನ ಬಂತೆಂದು ಅವಳಿಗೆ.

ಮರುವರ್ಷದ ಸೋಮವಾರ ಹಳೆಯ ಹುಳಿ ನೆನೆದು ಸಿದ್ಧವಿತ್ತು. ಬೂದಿಯೂ ಜಾಲಿಸಿಯಾಗಿತ್ತು. ಪದ್ದು ಉತ್ಸಾಹದಲ್ಲಿ ತಾನೇ ನಾರು ಬಿಡಿಸಿ ಕೊಟ್ಟಿದ್ದಳು. ಬಾಗಿಲು ಮುಚ್ಚಿಕೊಂಡು ಚಂದು ಮೊಗವನ್ನು ತೊಡೆಯ ಮೇಲಿಟ್ಟುಕೊಂಡ. ನಾರನ್ನು ಹುಳಿಯಲ್ಲಿ ಅದ್ದಿ ಎಡಗಿವಿಯ ಹತ್ತಿರ ತಂದ. ಬಲಗಣ್ಣಿನ ಮೇಲೆ ಹುಬ್ಬಿನ ತುಂಡೊಂದು ಉಳಿದಿತ್ತು, ಭತ್ತದ ಕಾಳಿನಷ್ಟು ಉದ್ದ. ಚಕ್ರಕ್ಕೆ ಹೇಗೋ ಸಿಗದೆ ತಪ್ಪಿಸಿಕೊಂಡದ್ದು. ಹೆಬ್ಬೆರಳಿಗೆ ಅದು ತಾಗುತ್ತಿತ್ತು. ಅವನು ನಾರನ್ನು ಕೆಳಗಿಟ್ಟ. ಮತ್ತೆ ಎತ್ತಿದ. ಹಗಲು ಕಳೆಯುವವರೆಗೆ ಹೀಗೇ. ಕೊನೆಗೆ ಒಂದು ಒಣ ಪಾಣಿಪಂಚೆಯಲ್ಲಿ ಧೂಳು ಒರೆಸಿ, ಮೊಗವನ್ನು ತಂದು ಚಾವಡಿಯಲ್ಲಿಟ್ಟ.

ಭೋಜರಾಜ ಬಗ್ಗಿ ನೋಡಿದ. "ಇದೆಂತದ್ದ್ ಬೆಳಗಿದ್ದಾ? ಹುಳಿಯೇ ಕಾಣ್ಲಿಲ್ಲೆ ಇದ್."

"ಇಷ್ಟೇ ಆಪ್ದ್ ನನ್ ಕೈಯಂಗೆ."

"ಇದ್ ಚಾಕ್ರಿ ಅಲ್ಲ ಚಂದು. ದೈವ ಕೇಂಡ್ರೆ ಬಾಕಿ ಹಾಂಗೇ ಇತ್ತ್ ಅಂತ್ಲೇ ನಾನ್ ಹೇಳುದ್." ಅವನ ದನಿಯಲ್ಲಿ ಅಂದು ಸಿಟ್ಟಿರಲಿಲ್ಲ. ಚಂದುವಿನದರಲ್ಲೂ ಇರಲಿಲ್ಲ.

ಮನೆಯಲ್ಲಿ ಪದ್ದು ಹುಳಿಯ ಚೊಂಬನ್ನು ತುಂಬಿದ್ದು ತುಂಬಿದ ಹಾಗೇ ಇರುವುದನ್ನು ಕಂಡು, "ಒಂದ್ ಸಲ ಕಣ್ಣ್ ಮುಚ್ಚಿ ತಿಕ್ಕಿ ಕೊಟ್ಟಿದ್ರೆ ಮುಗಿತಿದ್ದಿತ್ತಲೆ" ಎಂದಳು. "ದೈವವೇ ತಿಕ್ಕ್ ಅಂದ್ ಮೇಲೆ ನಿಮ್ದೆಂತ?"

ಮರುದಿನದ ದರ್ಶನದಲ್ಲೂ ಕಡ್ಸಲೆ ಅವನ ಕಡೆ ತಿರುಗಿತು, ಚಾಕರಿ ಎಲ್ಲಿ ಎಂದು ಕೇಳಿತು. ಅವನು ಎರಡೂ ಕೈ ಜೋಡಿಸಿ, "ಬಾಕಿ ಇತ್ತ್, ಸ್ವಾಮಿ" ಎಂದ. ದೈವ ಮುಂದಿನ ಮನೆಯವರನ್ನು ಕರೆಯಿತು.